ಹೊಗೆಯಿಲ್ಲದ ಕಾರು, ಹೊಳೆ ಸೇರುವ ಟೈರು

ಘಟ್ಟದ ಊರುಗಳಲ್ಲಿ ಟೈರು ಬಹುಕಾಲ ಬಾಳುವ ವಸ್ತು. ಜೀಪಿನ ಟೈರಿನ ಬಟನ್ ಸವೆದರೆ ಅದಕ್ಕೆ ರೀಸೋಲ್ ಮಾಡಿಸುತ್ತಾರೆ. ಅದೂ ತೀರಿದ ಮೇಲೆ ಟೈರು ಮಾವಿನ ಕೊಂಬೆಯ ಜೋಕಾಲಿಯಾಗುತ್ತದೆ, ಮಕ್ಕಳ ಕೋಲಿನ ಮುಂದೆ ಓಡುವ ಬಂಡಿಯಾಗುತ್ತದೆ, ಹುಲ್ಲಿನ ಬಣವೆಗೆ ಹೊದೆಸಿದ ಟಾರ್ಪಾಲು ಗಾಳಿಗೆ ಹಾರದಂತೆ ಕಾಯುತ್ತದೆ. ಇಂಥ ಊರುಗಳ ರಸ್ತೆಗೆ ಈಗ ಇನ್ನೊಂದು ಬಗೆಯ ಟೈರು ಬಂದಿದೆ. ಅದು ಅಗಲವಾದದ್ದು, ಮೆದುವಾದದ್ದು, ದುಬಾರಿಯಾದದ್ದು. ಮಾಲೀಕನು ಎಣಿಸಿದ್ದಕ್ಕಿಂತ ಬಹಳ ಮೊದಲೇ ಬೋಳಾಗುವಂಥದ್ದು. ಅದನ್ನು ತೊಟ್ಟ ಕಾರಿಗೆ ಹೊಗೆಕೊಳವೆಯಿಲ್ಲ. ಹಸಿರು ಬಣ್ಣದ ನಂಬರ್ ಪ್ಲೇಟ್ ಇದೆ. ‘ಶೂನ್ಯ ಮಾಲಿನ್ಯ’ ಎಂಬ ಜಾಹೀರಾತಿನ ಬಿರುದೂ ಇದೆ.

ಟೈರು ಇಷ್ಟು ಬೇಗ ಸವೆದದ್ದೇಕೆ ಎಂದು ಮಾಲೀಕನು ಕೇಳುತ್ತಾನೆ. ವಿದ್ಯುತ್ ಕಾರೆಂದರೆ ಹಾಗೆಯೇ ಎಂಬ ಸಿದ್ಧ ಉತ್ತರ ಮಾರಾಟಗಾರನ ಬಳಿ ಇರುತ್ತದೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಆದರೆ ಸವೆದ ರಬ್ಬರು ಎಲ್ಲಿಗೆ ಹೋಯಿತು ಎಂದು ಇಬ್ಬರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಬೇಕಾದವರು ರಸ್ತೆಯ ಕೆಳಗೆ, ಹಳ್ಳದ ದಂಡೆಯಲ್ಲಿ ಬದುಕುವ ಜನ.

ಸವೆತದ ಬೇರುಗಳು

ಉರುಳುವ ಚಕ್ರ ನೆಲದ ಮೇಲೆ ಜಾರುವುದಿಲ್ಲ ಎಂಬುದು ಶಾಲೆಯ ಪಾಠ. ಟೈರಿನ ಮಟ್ಟಿಗೆ ಆ ಪಾಠ ಅರ್ಧಸತ್ಯ. ಕಾರು ಮುಂದಕ್ಕೆ ನೆಗೆಯಬೇಕಾದರೂ, ನಿಲ್ಲಬೇಕಾದರೂ, ತಿರುವಿನಲ್ಲಿ ಹೊರಳಬೇಕಾದರೂ ಟೈರಿನ ರಬ್ಬರು ಕಣ್ಣಿಗೆ ಕಾಣದಷ್ಟು ಜಾರಲೇಬೇಕು. ಆ ಜಾರುವಿಕೆಯಲ್ಲಿಯೇ ಹಿಡಿತ ಹುಟ್ಟುತ್ತದೆ, ಸವೆತವೂ ಹುಟ್ಟುತ್ತದೆ. ಇಡೀ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯೂ ಹೆಚ್ಚುಕಡಿಮೆ ಅಂಗೈಯಷ್ಟು ಜಾಗ. ಹೊಸ ಕಾರಿನ ಟೈರಿನ ಬಟನ್ ಸುಮಾರು ಎಂಟು ಮಿಲಿಮೀಟರ್ ಆಳವಿರುತ್ತದೆ, 1.6 ಮಿಲಿಮೀಟರಿಗೆ ಇಳಿದರೆ ಟೈರಿನ ಆಯುಸ್ಸು ಮುಗಿದಂತೆ. ನಡುವಣ ಆರು ಚಿಲ್ಲರೆ ಮಿಲಿಮೀಟರ್ ರಬ್ಬರೇ ಅದರ ಇಡೀ ಬದುಕು.

ಈ ಬದುಕನ್ನು ಮೊಟಕುಗೊಳಿಸುವ ಮೊದಲ ಕಾರಣ ತೂಕ. ಒಂದೇ ಹೆಸರಿನ ಕಾರಿನ ಪೆಟ್ರೋಲ್ ಮಾದರಿಗಿಂತ ವಿದ್ಯುತ್ ಮಾದರಿ ಸಾಮಾನ್ಯವಾಗಿ ಇನ್ನೂರು ಮುನ್ನೂರು ಕಿಲೋ ಹೆಚ್ಚು ತೂಗುತ್ತದೆ. ಬ್ಯಾಟರಿ ದೊಡ್ಡದಾದಷ್ಟೂ ಈ ಅಂತರ ಬೆಳೆಯುತ್ತದೆ. ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಹಮ್ಮರ್ ವಿದ್ಯುತ್ ವಾಹನದ ತೂಕ ನಾಲ್ಕು ಟನ್ನಿಗೂ ಮಿಗಿಲು. ಅದರ ಬ್ಯಾಟರಿಯೊಂದೇ ಒಂದು ಸಣ್ಣ ಪೆಟ್ರೋಲ್ ಕಾರಿನಷ್ಟು ತೂಗುತ್ತದೆ. ಇಷ್ಟು ಭಾರವನ್ನು ಹೊರಲು ಹಳೆಯ ಟೈರುಗಳು ಸಾಲದೆ ಹೋಗಿ, ‘ಅಧಿಕ ಹೊರೆ’ ಎಂಬ ಹೊಸ ದರ್ಜೆಯನ್ನೇ ಟೈರು ಉದ್ಯಮ ರೂಪಿಸಿಕೊಳ್ಳಬೇಕಾಯಿತು. ಆ ದರ್ಜೆಯ ಟೈರುಗಳು 2021ರಿಂದ ಮಾರುಕಟ್ಟೆಗೆ ಬಂದವು. ಹೊರೆ ಹೆಚ್ಚಿದಂತೆ ಪ್ರತಿ ತಿರುವಿನಲ್ಲೂ ಪ್ರತಿ ನಿಲುಗಡೆಯಲ್ಲೂ ಆ ನಾಲ್ಕು ಅಂಗೈಗಳ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ. ಬಯಲಿನ ನೇರ ರಸ್ತೆಯಲ್ಲಿ ಇದು ಅಷ್ಟಾಗಿ ಕಾಣದು. ಆಗುಂಬೆ, ಚಾರ್ಮಾಡಿಯ ಹಿಮ್ಮುರಿ ತಿರುವುಗಳಲ್ಲಿ ಎರಡು ಟನ್ನಿನ ವಾಹನವನ್ನು ಹೊರಳಿಸಿದಾಗ ಹೊರಮೈಯ ಟೈರು ಮಾಡುವ ಆರ್ತನಾದ ಆ ಎಳೆತದ ದನಿಯೇ ಆಗಿದೆ.

ಎರಡನೆಯದು ಮೋಟಾರಿನ ತಕ್ಷಣದ ಬಲ. ಪೆಟ್ರೋಲ್ ಎಂಜಿನ್ ನಿಂತಲ್ಲಿಂದ ಪೂರ್ಣ ಬಲವನ್ನು ಕೊಡಲಾರದು. ಅದು ಮೊದಲು ವೇಗವಾಗಿ ತಿರುಗಬೇಕು, ಗೇರು ಬದಲಾಗಬೇಕು. ವಿದ್ಯುತ್ ಮೋಟಾರಿಗೆ ಆ ಕಾಯುವಿಕೆಯಿಲ್ಲ. ಪೆಡಲು ಒತ್ತಿದ ಕ್ಷಣದಲ್ಲೇ ಪೂರ್ಣ ತಿರುಚು ಬಲ ಚಕ್ರಕ್ಕೆ ಬರುತ್ತದೆ. 2021ರಲ್ಲಿ ಬಂದ ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ ಎಂಬ ಕಾರು ಎರಡು ಟನ್ನಿಗೂ ಹೆಚ್ಚು ತೂಕವಿದ್ದೂ ನಿಂತಲ್ಲಿಂದ ನೂರು ಕಿ.ಮೀ. ವೇಗವನ್ನು ಎರಡು ಸೆಕೆಂಡುಗಳ ಆಸುಪಾಸಿನಲ್ಲಿ ಮುಟ್ಟುತ್ತದೆ. ಆ ಎರಡು ಸೆಕೆಂಡುಗಳ ಬೆಲೆಯನ್ನು ತೆರುವುದು ಟೈರು. ಜಾರುವಿಕೆ ಒಂದಿಷ್ಟು ಹೆಚ್ಚಿದರೆ ಸವೆತ ಅದಕ್ಕಿಂತ ಬಹಳ ಹೆಚ್ಚು ಏರುತ್ತದೆ. ಆದ್ದರಿಂದಲೇ ಒಂದೇ ಕಾರಿನ ಟೈರು ಸಾವಧಾನದ ಚಾಲಕನ ಕೈಯಲ್ಲಿ ವರ್ಷಗಟ್ಟಲೆ ಬಾಳುತ್ತದೆ, ಚಪಲಗಾರನ ಕಾಲಡಿ ಕೆಲವೇ ತಿಂಗಳುಗಳಲ್ಲಿ ಸಾಯುತ್ತದೆ.

ಮೂರನೆಯದು ಬ್ರೇಕಿನ ಬದಲಾದ ರೀತಿ. ವಿದ್ಯುತ್ ಕಾರು ಇಳಿಜಾರಿನಲ್ಲಿ ಮೋಟಾರನ್ನೇ ಜನರೇಟರಿನಂತೆ ದುಡಿಸಿ ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುತ್ತದೆ. ಇದು ನಿಜಕ್ಕೂ ಒಳ್ಳೆಯ ಗುಣ. ಬ್ರೇಕಿನ ಪ್ಯಾಡುಗಳು ಸವೆಯುವುದು ಇದರಿಂದ ಬಹಳ ಕಡಿಮೆಯಾಗುತ್ತದೆ. ಆದರೆ ಒಂದೇ ಮೋಟಾರು ಇರುವ ಕಾರಿನಲ್ಲಿ ಎಳೆಯುವ ಕೆಲಸವೂ ತಡೆಯುವ ಕೆಲಸವೂ ಅದೇ ಎರಡು ಚಕ್ರಗಳ ಪಾಲಿಗೆ ಬರುತ್ತವೆ. ಹತ್ತುವಾಗ ದುಡಿದ ಜೋಡಿ ಇಳಿಯುವಾಗಲೂ ದುಡಿಯುತ್ತದೆ. ಹೀಗಾಗಿ ಒಂದು ಜೋಡಿ ಟೈರು ಇನ್ನೊಂದಕ್ಕಿಂತ ಬಹಳ ಬೇಗ ತೀರುತ್ತದೆ.

ನಾಲ್ಕನೆಯದೇ ಪರ್ಫಾರ್ಮೆನ್ಸ್ ಟೈರು. ಹಿಡಿತ, ಸುಲಭವಾಗಿ ಉರುಳುವ ಗುಣ, ಬಾಳಿಕೆ, ಈ ಮೂರನ್ನೂ ಒಂದೇ ಟೈರಿನಲ್ಲಿ ಪೂರ್ಣವಾಗಿ ತುಂಬುವುದು ಸುಲಭವಲ್ಲ. ಒಂದನ್ನು ಎಳೆದರೆ ಇನ್ನೊಂದು ಕುಗ್ಗುತ್ತದೆ. ಪರ್ಫಾರ್ಮೆನ್ಸ್ ಟೈರು ಹಿಡಿತವನ್ನು ಆರಿಸಿಕೊಂಡು ಬಾಳಿಕೆಯನ್ನು ಬಿಟ್ಟುಕೊಟ್ಟ ಟೈರು. ಅದರ ರಬ್ಬರು ಮೆದು. ರಸ್ತೆಯ ಒರಟುತನಕ್ಕೆ ಅಂಟಿಕೊಂಡು ಹಿಡಿಯುತ್ತದೆ, ಹಿಡಿದಷ್ಟೂ ಉದುರುತ್ತದೆ. ಅಮೆರಿಕದಲ್ಲಿ ಮಾರಾಟವಾಗುವ ಕಾರಿನ ಟೈರುಗಳ ಪಕ್ಕೆಯ ಮೇಲೆ ಬಾಳಿಕೆಯ ಅಂಕಿಯೊಂದನ್ನು ಅಚ್ಚೊತ್ತಬೇಕೆಂಬ ನಿಯಮವಿದೆ. ಟೆಕ್ಸಾಸ್ ರಾಜ್ಯದ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ, ಒಂದು ಮಾನಕ ಟೈರಿನ ಬಾಳಿಕೆಯನ್ನು 100 ಎಂದಿಟ್ಟುಕೊಂಡು ಉಳಿದವನ್ನು ಅಳೆಯುತ್ತಾರೆ. ಪರ್ಫಾರ್ಮೆನ್ಸ್ ಟೈರುಗಳ ಮೇಲೆ ಸಾಮಾನ್ಯವಾಗಿ ಕಾಣುವ ಅಂಕಿ 200 ಅಥವಾ 300. ದೂರಪ್ರಯಾಣಕ್ಕೆಂದು ಮಾಡಿದ ಸಾಧಾರಣ ಟೈರಿನ ಮೇಲೆ 600, 700 ಕೂಡ ಇರುತ್ತದೆ. ಅಂದರೆ ಅಲ್ಪಾಯುಸ್ಸು ಈ ಟೈರಿನ ದೋಷವೇನೂ ಆಗಿರದೆ ಅದರ ವಿನ್ಯಾಸದಲ್ಲೇ ಬರೆದಿಟ್ಟ ಜಾತಕ. ಅಂಥ ಮೆದು ಟೈರಿನ ಮೇಲೆ ಎರಡು ಟನ್ ಭಾರವನ್ನೂ ತಕ್ಷಣದ ಬಲವನ್ನೂ ಹೇರಿದರೆ ಅದು ಬೇಗ ಸವೆಯದೆ ಇನ್ನೇನಾದೀತು? ಸಾಂಪ್ರದಾಯಿಕ ಟೈರುಗಳು ವಿದ್ಯುತ್ ಕಾರುಗಳಲ್ಲಿ ಶೇಕಡಾ 30ರವರೆಗೆ ಬೇಗ ಸವೆಯಬಹುದೆಂದು ಗುಡ್‌ಇಯರ್ ಟೈರು ಕಂಪನಿಯೇ 2018ರಲ್ಲಿ ತನ್ನ ಪರೀಕ್ಷೆಗಳ ಆಧಾರದಿಂದ ಹೇಳಿತ್ತು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಇಷ್ಟನ್ನು ಕೇಳಿದೊಡನೆ ಪೆಟ್ರೋಲ್ ಡೀಸೆಲ್ ಪಕ್ಷದವರು ಹಿಗ್ಗುವುದುಂಟು. ವಿದ್ಯುತ್ ಕಾರು ಇನ್ನೂ ಹೆಚ್ಚು ಕೊಳಕು, ಹಳೆಯದೇ ಮೇಲು ಎಂಬ ವಾದವನ್ನು ಅವರು ಅಲ್ಲಿಂದಲೇ ಹೊಸೆಯುತ್ತಾರೆ. 2022ರಲ್ಲಿ ಬ್ರಿಟನ್ನಿನ ಎಮಿಷನ್ಸ್ ಅನಲಿಟಿಕ್ಸ್ ಎಂಬ ಸಂಸ್ಥೆ, ಹೊಸ ಕಾರುಗಳ ಟೈರಿನಿಂದ ಉದುರುವ ಕಣಗಳ ತೂಕ ಹೊಗೆಕೊಳವೆಯ ಕಣಗಳ ತೂಕದ 1,850 ಪಟ್ಟು ಎಂದು ಲೆಕ್ಕ ಹಾಕಿತು. ಆ ಅಂಕಿ ವಿದ್ಯುತ್ ಕಾರಿನ ವಿರುದ್ಧದ ಆಯುಧವಾಗಿ ಊರೂರು ಸುತ್ತಿತು. ಆದರೆ ಅದು ವಿದ್ಯುತ್ ಕಾರನ್ನೂ ಪೆಟ್ರೋಲ್ ಕಾರನ್ನೂ ತೂಗಿನೋಡಿದ ಅಂಕಿಯೇ ಅಲ್ಲ. ಶೋಧಕ ಅಳವಡಿಸಿದ ಹೊಗೆಕೊಳವೆಯನ್ನೂ ಟೈರನ್ನೂ ಹೋಲಿಸಿದ ಅಂಕಿ ಅದು. ಹೊಗೆಕೊಳವೆಯಿಂದ ಹೊರಡುವ ಇಂಗಾಲದ ಡೈಆಕ್ಸೈಡ್, ಸಾರಜನಕದ ಆಕ್ಸೈಡುಗಳಂಥ ಅನಿಲಗಳು ಅದರಲ್ಲಿ ಸೇರಿಯೇ ಇಲ್ಲ. ಪೆಟ್ರೋಲ್ ಕಾರಿಗೂ ನಾಲ್ಕು ಟೈರುಗಳಿವೆ, ಅವೂ ಸವೆಯುತ್ತವೆ, ಜೊತೆಗೆ ಅದು ಹೊಗೆಯನ್ನೂ ಉಗುಳುತ್ತದೆ ಎಂಬ ಸರಳ ಸಂಗತಿಯನ್ನು ಈ ಪಕ್ಷದವರು ಜಾಣತನದಿಂದ ಮರೆಯುತ್ತಾರೆ.

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 2020ರಲ್ಲಿ ಪ್ರಕಟಿಸಿದ ವರದಿ ಈ ಗೊಂದಲವನ್ನು ಬಿಡಿಸುತ್ತದೆ. ಬ್ರೇಕು, ಟೈರು, ರಸ್ತೆಯ ಧೂಳು ಇವೆಲ್ಲದರಿಂದ ಏಳುವ ಅತಿ ಸೂಕ್ಷ್ಮ ಕಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ಸಣ್ಣ ಬ್ಯಾಟರಿಯ ಹಗುರ ವಿದ್ಯುತ್ ಕಾರು ಪೆಟ್ರೋಲ್ ಕಾರಿಗಿಂತ ಶೇಕಡಾ 11ರಿಂದ 13ರಷ್ಟು ಕಡಿಮೆ ಕಣಗಳನ್ನು ಹೊರಬಿಡುತ್ತದೆ. ದೊಡ್ಡ ಬ್ಯಾಟರಿಯ ಭಾರದ ವಿದ್ಯುತ್ ಕಾರು ಶೇಕಡಾ 3ರಿಂದ 8ರಷ್ಟು ಹೆಚ್ಚು ಹೊರಬಿಡುತ್ತದೆ. ಎರಡರಲ್ಲೂ ಇರುವುದು ವಿದ್ಯುತ್ತೇ, ಎರಡರಲ್ಲೂ ಇರುವುದು ಮೋಟಾರೇ. ಫಲ ತಲೆಕೆಳಗಾದದ್ದು ತೂಕದಿಂದ. ಅಪರಾಧಿಯು ತೂಕವಾಗಿರುವಾಗ ವಿದ್ಯುತ್ತನ್ನು ದೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಈ ಸತ್ಯಕ್ಕೆ ಕರ್ನಾಟಕದಲ್ಲೇ ಒಂದು ಚರಿತ್ರೆಯಿದೆ. 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಎಂಬ ವಿದ್ಯುತ್ ಕಾರು ಮಾರಾಟಕ್ಕೆ ಬಂತು. ಬ್ಯಾಟರಿಯೂ ಸೇರಿ ಅದರ ತೂಕ ಮುಕ್ಕಾಲು ಟನ್ನಿನ ಆಸುಪಾಸು. ಮೋಟಾರಿನ ಗರಿಷ್ಠ ಶಕ್ತಿ 13 ಕಿಲೋವಾಟಿನ ಸುತ್ತಮುತ್ತ. ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಅದಕ್ಕೆ ಕೊರತೆಗಳು ಸಾಕಷ್ಟಿದ್ದವು. ಘಟ್ಟ ಹತ್ತುವ ಬಂಡಿ ಅದಾಗಿರಲಿಲ್ಲ. ಆದರೆ ಪೇಟೆಯ ದಿನನಿತ್ಯದ ಓಡಾಟಕ್ಕೆ ಎಷ್ಟು ತೂಕ, ಎಷ್ಟು ಬಲ ಸಾಕು ಎಂಬ ಪ್ರಶ್ನೆಗೆ ಅದೊಂದು ಪ್ರಾಮಾಣಿಕ ಉತ್ತರವಾಗಿತ್ತು. 2010ರಲ್ಲಿ ಆ ಕಂಪನಿ ಮಹೀಂದ್ರದ ಪಾಲಾಯಿತು. ಅದೇ ಮಹೀಂದ್ರ ಸಂಸ್ಥೆ 2024ರ ನವೆಂಬರಿನಲ್ಲಿ ಅನಾವರಣಗೊಳಿಸಿದ ಬಿಇ 6 ಎಂಬ ವಿದ್ಯುತ್ ವಾಹನದ ಮೋಟಾರಿನ ಶಕ್ತಿ 210 ಕಿಲೋವಾಟ್, ಬ್ಯಾಟರಿ 79 ಕಿಲೋವಾಟ್ ಗಂಟೆಯವರೆಗೆ, ನೂರು ಕಿ.ಮೀ. ವೇಗಕ್ಕೆ ಏಳು ಸೆಕೆಂಡೂ ಬೇಡ. ಕಾಲು ಶತಮಾನದಲ್ಲಿ ಬ್ಯಾಟರಿಯ ತಂತ್ರಜ್ಞಾನ ಅಪಾರವಾಗಿ ಮುಂದುವರಿದದ್ದು ನಿಜ. ಆ ಮುನ್ನಡೆಯ ಫಲವನ್ನು ಹಗುರಾದ, ಅಗ್ಗವಾದ, ದೀರ್ಘಕಾಲ ಬಾಳುವ ಕಾರಿಗೆ ಬಳಸಬಹುದಿತ್ತು. ಉದ್ಯಮ ಅದನ್ನು ಸುರಿದದ್ದು ಗಾತ್ರಕ್ಕೆ ಮತ್ತು ನೆಗೆತಕ್ಕೆ. ಇದು ಒಂದು ಕಂಪನಿಯ ಕಥೆಯಷ್ಟೇ ಅಲ್ಲ, ಲೋಕದ ವಾಹನೋದ್ಯಮವೆಲ್ಲ ತುಳಿದ ದಾರಿ.

ಟೈರಿನ ಹುಟ್ಟೂ ಮಲೆನಾಡಿಗೆ ಹೊರತಾದದ್ದಲ್ಲ. ಸುಳ್ಯ, ಪುತ್ತೂರು ಸೀಮೆಯಲ್ಲಿ 1964ರ ಭಾರತ–ಶ್ರೀಲಂಕಾ ಒಪ್ಪಂದದನ್ವಯ ಮರಳಿ ಬಂದ ತಮಿಳು ಕುಟುಂಬಗಳ ಜೀವನೋಪಾಯಕ್ಕೆಂದು ಅರಣ್ಯದ ನೆಲದಲ್ಲಿ ರಬ್ಬರು ತೋಟಗಳೆದ್ದವು. ನಸುಕಿನಲ್ಲಿ ಮರದ ತೊಗಟೆಯನ್ನು ಗೀರಿ ಹಾಲು ಸಂಗ್ರಹಿಸುವ ಕೂಲಿಯವರ ಬೆವರು ಪ್ರತಿ ಟೈರಿನಲ್ಲೂ ಒಂದು ಪಾಲು. ಉಳಿದದ್ದು ಕಚ್ಚಾತೈಲದಿಂದ ಮಾಡಿದ ಕೃತಕ ರಬ್ಬರು, ಕಾಡಿಗೆಯಂಥ ಇಂಗಾಲದ ಪುಡಿ, ಉಕ್ಕಿನ ತಂತಿ ಮತ್ತು ಹತ್ತಾರು ರಾಸಾಯನಿಕ. ಐದು ವರ್ಷ ಬಾಳಬೇಕಾದ ಟೈರು ಎರಡೇ ವರ್ಷಕ್ಕೆ ತೀರಿದರೆ ಇವೆಲ್ಲವೂ ಎರಡೂವರೆ ಪಟ್ಟು ಬೇಕಾಗುತ್ತವೆ. ತೈಲ ಉಳಿಸುವ ಕಾರು ತೈಲದಿಂದಲೇ ಮಾಡಿದ ಟೈರನ್ನು ಹೀಗೆ ಉಜ್ಜಿ ಎಸೆಯುವುದು ಎಂಥ ಉಳಿತಾಯ?

ಮಳೆ, ಮೋರಿ, ಮೀನು

ಸವೆದ ರಬ್ಬರು ಮಾಯವಾಗುವುದಿಲ್ಲ. ಜರ್ಮನಿಯ ಮೋಟಾರು ಸಂಘವಾದ ಎಡಿಎಸಿಯು ತನ್ನ ಟೈರು ಪರೀಕ್ಷೆಗಳ ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಿದಾಗ, ಒಂದು ಕಾರಿನ ನಾಲ್ಕು ಟೈರುಗಳಿಂದ ಸಾವಿರ ಕಿ.ಮೀ.ಗೆ ಸರಾಸರಿ 120 ಗ್ರಾಂ ರಬ್ಬರು ಉದುರುತ್ತದೆ ಎಂದು ಹೇಳಿತು. ಈ ಲೆಕ್ಕದಲ್ಲಿ ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋಗಿಬರುವ ಒಂದು ಸಾಧಾರಣ ಕಾರು ದಾರಿಯುದ್ದಕ್ಕೂ ಸುಮಾರು 60 ಗ್ರಾಂ ರಬ್ಬರನ್ನು ಬಿತ್ತುತ್ತದೆ. ಮೆದು ಟೈರಿನ ಭಾರದ ಕಾರು ಘಟ್ಟದ ತಿರುವುಗಳಲ್ಲಿ ವೇಗದ ಹುಚ್ಚು ತೀರಿಸಿಕೊಂಡರೆ ಬಿತ್ತನೆ ಅದಕ್ಕಿಂತ ದಟ್ಟವಾಗುತ್ತದೆ. ಸಾಗರ ಸೇರುವ ಪ್ರಾಥಮಿಕ ಸೂಕ್ಷ್ಮ ಪ್ಲಾಸ್ಟಿಕ್ಕಿನಲ್ಲಿ ಶೇಕಡಾ 28ರಷ್ಟು ಟೈರಿನದೆಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2017ರಲ್ಲಿ ಅಂದಾಜು ಮಾಡಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ವರ್ಷಕ್ಕೆ ತಲೆಗೆ 4.7 ಕಿಲೋ ಟೈರಿನ ಧೂಳು ಹುಟ್ಟಿದರೆ ಭಾರತದಲ್ಲಿ 0.23 ಕಿಲೋ. ಭಾರತದ ಅಂಕಿ ಚಿಕ್ಕದಾಗಿದ್ದದ್ದು ವಾಹನಗಳು ಕಡಿಮೆಯಿದ್ದುದರಿಂದ, ಇದ್ದವೂ ಹಗುರಾಗಿದ್ದುದರಿಂದ. ಭಾರದ ವಾಹನವನ್ನೇ ಪ್ರಗತಿಯೆಂದು ಬಗೆದರೆ ದೇಶ ನಡೆಯುವುದು ಮೊದಲ ಅಂಕಿಯ ದಿಕ್ಕಿಗೆ.

ಈ ಧೂಳು ನೀರಿಗಿಳಿದರೆ ಏನಾದೀತು ಎಂಬುದನ್ನು ಅಮೆರಿಕದ ವಾಯವ್ಯ ಕರಾವಳಿಯ ಕೋಹೊ ಸಾಲ್ಮನ್ ಮೀನು ತನ್ನ ಪ್ರಾಣ ಕೊಟ್ಟು ತೋರಿಸಿದೆ. ಸಿಯಾಟಲ್ ನಗರದ ಸುತ್ತಣ ಹಳ್ಳಗಳನ್ನು ಜನ ಶ್ರಮವಹಿಸಿ ಶುದ್ಧಗೊಳಿಸಿದ್ದರು. ಸಮುದ್ರದಿಂದ ಮೊಟ್ಟೆಯಿಡಲು ಮೀನುಗಳೂ ಮರಳಿ ಬಂದವು. ಆದರೆ ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಅವು ಸುತ್ತುಸುತ್ತು ತಿರುಗಿ, ನೀರಿನ ಮೇಲೆ ಬಾಯ್ಬಿಟ್ಟು, ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ಕೆಲವು ಹಳ್ಳಗಳಲ್ಲಿ ಮರಳಿದ ಮೀನುಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಹೀಗೆ ಸತ್ತದ್ದುಂಟು. ಎರಡು ದಶಕ ಇದು ಒಗಟಾಗಿಯೇ ಇತ್ತು. 2020ರ ಡಿಸೆಂಬರಿನಲ್ಲಿ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರವನ್ನು ಪ್ರಕಟಿಸಿದರು. ಟೈರು ಬಿರುಕು ಬಿಡದಂತೆ ಕಾಯಲು ರಬ್ಬರಿಗೆ 6ಪಿಪಿಡಿ ಎಂಬ ರಾಸಾಯನಿಕವನ್ನು ಬೆರೆಸುತ್ತಾರೆ. ಅದು ಗಾಳಿಯ ಓಜೋನಿನೊಡನೆ ವರ್ತಿಸಿ 6ಪಿಪಿಡಿ-ಕ್ವಿನೋನ್ ಎಂಬ ಇನ್ನೊಂದು ವಸ್ತುವಾಗುತ್ತದೆ. ಮೀನನ್ನು ಕೊಂದದ್ದು ಅದು. ಮೂರು ಮೂಲನಿವಾಸಿ ಬುಡಕಟ್ಟುಗಳು ಅರ್ಜಿ ಸಲ್ಲಿಸಿದ ಮೇಲೆ, 2023ರ ನವೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆ ಅರ್ಜಿಯನ್ನು ಅಂಗೀಕರಿಸಿ, ಟೈರಿನ ಈ ರಾಸಾಯನಿಕದ ನಿಯಂತ್ರಣದತ್ತ ಹೆಜ್ಜೆಯಿಟ್ಟಿತು. ಹೊಳೆಯ ದಂಡೆಯ ಸಣ್ಣ ಸಮುದಾಯಗಳು ದೊಡ್ಡ ಉದ್ಯಮವನ್ನು ಲೆಕ್ಕ ಕೇಳಬಲ್ಲವು ಎಂಬುದಕ್ಕೆ ಇದು ನಿದರ್ಶನ.

ಘಟ್ಟದ ಹೊಳೆಗಳಲ್ಲಿ ಕೋಹೊ ಸಾಲ್ಮನ್ ಇಲ್ಲ. ಆದರೆ 6ಪಿಪಿಡಿ ಲೋಕದ ಎಲ್ಲೆಡೆಯ ಟೈರುಗಳಲ್ಲಿ ಬಳಕೆಯಲ್ಲಿದೆ. ಇಲ್ಲಿಯೂ ರಸ್ತೆಯ ಪಕ್ಕದಲ್ಲೇ ಹಳ್ಳ, ಹಳ್ಳದಲ್ಲಿ ಮೀನು. ಆಗುಂಬೆ ಘಾಟಿಯ ನೀರು ಸೀತಾನದಿಗೆ ಇಳಿಯುತ್ತದೆ, ಚಾರ್ಮಾಡಿಯ ನೀರು ನೇತ್ರಾವತಿಗೆ, ಶಿರಾಡಿಯ ನೀರು ಕೆಂಪುಹೊಳೆಯ ದಾರಿಯಾಗಿ ಕುಮಾರಧಾರೆಗೆ. ಬೇಸಿಗೆಯ ಮಾಸಗಳಲ್ಲಿ ರಸ್ತೆಯ ಅಂಚಿನಲ್ಲಿ ಕೂಡಿದ್ದೆಲ್ಲವನ್ನೂ ಮುಂಗಾರಿನ ಮೊದಲ ಮಳೆ ಒಂದೇ ಸಲಕ್ಕೆ ತೊಳೆದು ಮೋರಿಗೆ ಸುರಿಯುತ್ತದೆ. ಹಳ್ಳದ ಮೀನುಗಳು ಮೊಟ್ಟೆಯಿಡಲು ಹತ್ತುವ ಕಾಲವೂ ಅದೇ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂದು ಅಕ್ಕಿ ಹಾಕಿ ಕಾಯ್ದುಕೊಂಡು ಬಂದ ಜನ, ಆ ದೇವರ ಮನೆಗೆ ಮೇಲಿನ ರಸ್ತೆಯಿಂದ ಏನು ಇಳಿದು ಬರುತ್ತಿದೆ ಎಂದು ಕೇಳಬೇಡವೇ?

ಇದಕ್ಕೆ ಪರಿಹಾರವೂ ಮಣ್ಣಿನಲ್ಲೇ ಇದೆ ಎಂಬುದು ಸಮಾಧಾನದ ಮಾತು. ವಿಷದ ಹೆಸರು ತಿಳಿಯುವ ಮೊದಲೇ, 2015 ಮತ್ತು 2016ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಅದೇ ರಸ್ತೆಯ ಕೊಳೆನೀರನ್ನು ಮರಳು, ಗೊಬ್ಬರ, ಮರದ ತೊಗಟೆಯ ಚೂರು ಬೆರೆಸಿದ ಮಣ್ಣಿನ ಮೂಲಕ ಸೋಸಿ ಬಿಟ್ಟಾಗ ಕೋಹೊ ಮೀನುಗಳು ಬದುಕಿಕೊಂಡವು. ಘಟ್ಟದ ಹಳೆಯ ರಸ್ತೆಗಳ ಬದಿಯಲ್ಲಿ ಹುಲ್ಲು, ಜರೀಗಿಡ, ತರಗೆಲೆ ತುಂಬಿದ ಮಣ್ಣಿನ ಚರಂಡಿಗಳು ಅಂಥ ಸೋಸುವ ಕೆಲಸಕ್ಕೆ ಒದಗುವಂಥವು. ರಸ್ತೆ ಅಗಲಗೊಳಿಸುವವರು ಅವನ್ನು ಕಿತ್ತು, ನುಣುಪಾದ ಕಾಂಕ್ರೀಟು ಚರಂಡಿ ಕಟ್ಟಿ, ನೀರನ್ನು ನೇರವಾಗಿ ಹಳ್ಳಕ್ಕೆ ದೂಡುತ್ತಾರೆ. ವೇಗದ ವಾಹನಕ್ಕೆ ವೇಗದ ರಸ್ತೆ. ವೇಗದ ರಸ್ತೆಗೆ ವೇಗದ ಚರಂಡಿ. ಕೊನೆಗೆ ಹೊಳೆಗೆ ವೇಗದ ವಿಷ.

ಕಾನೂನಿನ ಕುರುಡು

ಭಾರತದ ಕಾನೂನಿಗೆ ಈ ಧೂಳು ಕಾಣಿಸುವುದಿಲ್ಲ. 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಟೈರುಗಳಿಗೆ ಮಾನದಂಡಗಳನ್ನು ವಿಧಿಸಿದಾಗ ಅದು ಹೆಸರಿಸಿದ್ದು ಮೂರನ್ನು: ಉರುಳುವ ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ, ಸದ್ದು. ಸವೆತಕ್ಕೆ ಅಲ್ಲಿ ಸ್ಥಾನವಿಲ್ಲ. ಅದೇ ವರ್ಷ ತ್ಯಾಜ್ಯ ಟೈರುಗಳ ಹೊಣೆಯನ್ನು ತಯಾರಕರಿಗೆ ವಹಿಸುವ ನಿಯಮ ಬಂತು. ಆದರೆ ಮರುಬಳಕೆಗೆ ಮರಳುವ ಟೈರು ತನ್ನ ರಬ್ಬರಿನ ಒಂದು ಪಾಲನ್ನು ಆಗಲೇ ರಸ್ತೆಗೆ ಕೊಟ್ಟು ಬಂದಿರುತ್ತದೆ. ಆ ಪಾಲಿಗೆ ಹೊಣೆಗಾರರೇ ಇಲ್ಲ. ಯುರೋಪು 2024ರಲ್ಲಿ ಅಂಗೀಕರಿಸಿದ ಯೂರೋ 7 ನಿಯಮಾವಳಿಯಲ್ಲಿ ಬ್ರೇಕಿನ ಧೂಳನ್ನೂ ಟೈರಿನ ಸವೆತವನ್ನೂ ಮೊದಲ ಬಾರಿಗೆ ಮಾಲಿನ್ಯದ ಮಿತಿಯೊಳಗೆ ತಂದಿದೆ, ವಿದ್ಯುತ್ ಕಾರಿಗೂ ಅದರಿಂದ ವಿನಾಯಿತಿಯಿಲ್ಲ.

ತೆರಿಗೆಯ ಕಥೆ ಇನ್ನೂ ವಿಚಿತ್ರ. 2019ರ ಆಗಸ್ಟಿನಿಂದ ವಿದ್ಯುತ್ ವಾಹನಗಳ ಮೇಲಿನ ಜಿಎಸ್‌ಟಿ ಶೇಕಡಾ 5. ಹಗುರ ಸ್ಕೂಟರಿಗೂ ಅಷ್ಟೇ, ಎರಡು ಟನ್ನಿನ ವಿಲಾಸಿ ಕಾರಿಗೂ ಅಷ್ಟೇ. ಯಾವ ಬ್ಯಾಟರಿಯೂ ಇಲ್ಲದೆ, ಯಾವ ಹೊಗೆಯೂ ಇಲ್ಲದೆ ಓಡುವ ಸೈಕಲ್ಲಿನ ಮೇಲೆ ಮಾತ್ರ 2025ರ ಸೆಪ್ಟೆಂಬರಿನವರೆಗೆ ಶೇಕಡಾ 12 ತೆರಿಗೆಯಿತ್ತು! ಆಮೇಲೆ ಅದನ್ನೂ 5ಕ್ಕೆ ಇಳಿಸಿದರು. ಕರ್ನಾಟಕವು 2017ರಲ್ಲಿ ದೇಶದಲ್ಲೇ ಮೊದಲಿಗೆ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ರಾಜ್ಯ. 2024ರಲ್ಲಿ ಅದು 25 ಲಕ್ಷ ರೂಪಾಯಿಗೂ ಮೀರಿದ ವಿದ್ಯುತ್ ಕಾರುಗಳ ಮೇಲೆ ಶೇಕಡಾ 10 ಆಜೀವ ತೆರಿಗೆ ಹಾಕಿತು. ಅಲ್ಲಿ ಅಳೆದದ್ದು ಬೆಲೆಯನ್ನು, ತೂಕವನ್ನಲ್ಲ. ಹೊಸ ಕಾರುಗಳಲ್ಲಿ ಬಹುಪಾಲು ವಿದ್ಯುತ್ತಿನವೇ ಆಗಿರುವ ನಾರ್ವೆ ದೇಶ 2023ರಿಂದ ವಿದ್ಯುತ್ ಕಾರಿಗೂ ತೂಕದ ತೆರಿಗೆ ಹಾಕಿತು. ಪ್ಯಾರಿಸ್ ನಗರ 2024ರ ಅಕ್ಟೋಬರಿನಿಂದ, ಹೊರಗಿನಿಂದ ಬರುವ ಭಾರದ ಕಾರುಗಳ ನಿಲುಗಡೆ ಶುಲ್ಕವನ್ನು ಮೂರು ಪಟ್ಟು ಮಾಡಿತು; ವಿದ್ಯುತ್ ಕಾರಿಗೆ ಅದರ ಗಡಿ ಎರಡು ಟನ್. ವಿದ್ಯುತ್ತನ್ನು ಬಿಡದೆಯೇ ತೂಕವನ್ನು ತಡೆಯಬಹುದು ಎಂಬುದನ್ನು ಈ ಎರಡೂ ತೋರಿಸಿಕೊಟ್ಟಿವೆ.

ಭಾರದ ಕಾರು ಸುರಕ್ಷಿತ ಎನ್ನುವವರಿದ್ದಾರೆ. ಅದು ಸುರಕ್ಷಿತವೆನ್ನಿಸುವುದು ಒಳಗೆ ಕುಳಿತವರಿಗೆ. ಎದುರಿನಿಂದ ಬರುವ ಬೈಕಿನವನಿಗೆ, ರಸ್ತೆಯ ಅಂಚಿನಲ್ಲಿ ನಡೆಯುವ ಶಾಲೆಯ ಮಕ್ಕಳಿಗೆ ಅಲ್ಲ. ಮಳೆಗಾಲದ ಘಟ್ಟದಲ್ಲಿ ಒಳ್ಳೆಯ ಹಿಡಿತದ ಟೈರು ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೇಕು. ಆದರೆ ನೀರನ್ನು ಹೊರಗೆ ತಳ್ಳುವುದು ಆಳವಾದ ಬಟನ್. ಬೇಗ ಸವೆದ ದುಬಾರಿ ಟೈರು ಒದ್ದೆ ರಸ್ತೆಯಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ತಿರುವಿನಲ್ಲಿ ಪ್ರಾಣ ಉಳಿಸುವುದು ಹದವಾದ ವೇಗ.

ಆಗಬೇಕಾದದ್ದು

ಸರ್ಕಾರದಿಂದ ಕೇಳಬೇಕಾದದ್ದು ಸ್ಪಷ್ಟವಾಗಿದೆ. ಪ್ರತಿ ಟೈರಿನ ಮೇಲೆ ಸಾವಿರ ಕಿ.ಮೀ.ಗೆ ಎಷ್ಟು ಗ್ರಾಂ ಸವೆಯುತ್ತದೆ ಎಂಬುದನ್ನು ಕಡ್ಡಾಯವಾಗಿ ನಮೂದಿಸಬೇಕು. ಅದಕ್ಕೊಂದು ಮಿತಿ ಇರಬೇಕು. ವಾಹನ ತೆರಿಗೆಗೆ ಬೆಲೆಯ ಜೊತೆಗೆ ತೂಕವೂ ಆಧಾರವಾಗಬೇಕು. ಹಗುರ ವಿದ್ಯುತ್ ವಾಹನಕ್ಕೆ ರಿಯಾಯಿತಿ, ಭಾರಕ್ಕೆ ದಂಡ. ಘಟ್ಟದ ರಸ್ತೆಗಳ ಚರಂಡಿಯ ನೀರು ಹಳ್ಳ ಸೇರುವ ಮೊದಲು ಮಣ್ಣು–ಹುಲ್ಲಿನ ಇಂಗುಗುಂಡಿಗಳನ್ನು ಹಾದುಹೋಗಬೇಕು. ಮುಂಗಾರಿನ ಮೊದಲ ಮಳೆಯ ನೀರನ್ನು ಮೋರಿಗಳ ಬಾಯಲ್ಲಿ ಸಂಗ್ರಹಿಸಿ ಟೈರಿನ ವಿಷಕ್ಕಾಗಿ ಪರೀಕ್ಷಿಸುವ ಕೆಲಸವನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಕೈಗೆತ್ತಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ ವಿದ್ಯುತ್ ಮೋಟಾರು ಮೊದಲು ಸಲ್ಲಬೇಕಾದದ್ದು ಬಸ್ಸಿಗೆ. ಕೆಎಸ್‌ಆರ್‌ಟಿಸಿಯ ವಿದ್ಯುತ್ ಬಸ್ಸುಗಳು ಮಡಿಕೇರಿ, ಚಿಕ್ಕಮಗಳೂರು, ಶಿವಮೊಗ್ಗಗಳಿಗೆ ಓಡಿ ತೋರಿಸಿವೆ. ಎರಡು ಟನ್ನಿನ ಕಾರಿನ ಏಳು ಪಟ್ಟು ತೂಕದ ಬಸ್ಸೊಂದು ನಲವತ್ತು ಜನರನ್ನು ಕರೆದೊಯ್ದರೆ ತಲೆಗೆ ಬೀಳುವುದು 350 ಕಿಲೋ. ಇಬ್ಬರೇ ಕುಳಿತ ಆ ಕಾರಿನಲ್ಲಿ ತಲೆಗೆ ಒಂದು ಟನ್. ಲೆಕ್ಕ ಇಷ್ಟು ಸರಳ.

ವಿದ್ಯುತ್ ಕಾರನ್ನು ಆಗಲೇ ಕೊಂಡವರು ಪಶ್ಚಾತ್ತಾಪ ಪಡಬೇಕಾಗಿಲ್ಲ. ಮೊದಲ ಟೈರು ತೀರಿದಾಗ, ಹೊರೆಯ ದರ್ಜೆ ಕಾರಿಗೆ ತಕ್ಕಷ್ಟಿರುವ, ಬಾಳಿಕೆಗೆಂದು ಮಾಡಿದ ಸಾಧಾರಣ ಟೈರನ್ನು ಹಾಕಿಸಿಕೊಳ್ಳಲಿ. ತಿಂಗಳಿಗೊಮ್ಮೆ ಗಾಳಿ ನೋಡಲಿ, ಎಂಟು ಹತ್ತು ಸಾವಿರ ಕಿ.ಮೀ.ಗೊಮ್ಮೆ ಟೈರುಗಳನ್ನು ಸ್ಥಾನ ಬದಲಿಸಲಿ, ವೀಲ್ ಅಲೈನ್‌ಮೆಂಟ್ ಸರಿಪಡಿಸಿಕೊಳ್ಳಲಿ, ಪೆಡಲಿನ ಮೇಲೆ ಕಾಲು ಹಗುರಾಗಿರಲಿ. ವಿದ್ಯಾರ್ಥಿಗಳಿಗೆ ಇದೊಂದು ಸುಲಭದ ಅಧ್ಯಯನ. ಟೈರಿನ ಪಕ್ಕೆಯ ಮೇಲೆ ಅಳತೆಯ ನಂತರ ಬರುವ ಅಂಕಿ ಹೊರೆಯ ದರ್ಜೆ: 91 ಎಂದರೆ ಆ ಟೈರು 615 ಕಿಲೋ ಹೊರಬಲ್ಲದು, 98 ಎಂದರೆ 750 ಕಿಲೋ. ಊರಿಗೆ ಬರುವ ಪ್ರವಾಸಿ ವಾಹನಗಳ ಈ ಅಂಕಿಗಳನ್ನು ಒಂದು ವರ್ಷ ಬರೆದಿಟ್ಟರೆ ಘಟ್ಟದ ರಸ್ತೆ ಹೊರುತ್ತಿರುವ ಭಾರ ಹೇಗೆ ಬೆಳೆಯುತ್ತಿದೆ ಎಂಬುದು ಯಾವ ಸರ್ಕಾರಿ ವರದಿಗೂ ಕಾಯದೆ ತಿಳಿಯುತ್ತದೆ.

ಹೊಗೆ ನಿಂತದ್ದು ಒಳ್ಳೆಯ ಆರಂಭ. ಆದರೆ ‘ಶೂನ್ಯ ಮಾಲಿನ್ಯ’ ಎಂಬ ಮಾತನ್ನು ಹೊಗೆಕೊಳವೆಯ ಬಳಿ ನಿಂತು ಹೇಳಿದರೆ ಸಾಲದು. ಮೋರಿಯ ಬಾಯಲ್ಲಿ, ಮೊದಲ ಮಳೆಯ ದಿನ, ಹಳ್ಳದ ನೀರನ್ನು ಬೊಗಸೆಯಲ್ಲಿ ಹಿಡಿದು ಹೇಳುವಂತಾಗಬೇಕು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬಂತೆ, ಪೇಟೆಯ ನಾಲ್ಕು ಸೆಕೆಂಡಿನ ನೆಗೆತದ ಸುಖಕ್ಕೆ ಘಟ್ಟದ ಹೊಳೆ ಬೆಲೆ ತೆರುವುದನ್ನು ಇನ್ನು ಮುಂದೆ ಮಲೆನಾಡು ಮೌನವಾಗಿ ಒಪ್ಪಬೇಕಾಗಿಲ್ಲ.